ಹೊಳೆಯ ಮಣ್ಣು, ಆಚಾರ್ರ ತಕ್ಕಡಿ

ಏನೇನು ಆಗಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹಾಗೆ ಹೇಳದೆ ಯಾವ ಕೆಲಸವನ್ನೂ ಸುರುಮಾಡಿ ನನಗೆ ಅಭ್ಯಾಸವಿಲ್ಲ. ಬೆಳ್ತಂಗಡಿಯಿಂದ ಬರುವ ಬಸ್ಸು ಯಾವುದಾದರೂ ತಿರುವಿನಲ್ಲಿ ಮಗುಚಿ, ನೀರಿನ ಬಾಟ್ಲಿಯೂ ಅದನ್ನು ಮಡಿಲಲ್ಲಿಟ್ಟುಕೊಂಡ ಮನುಷ್ಯನೂ ಒಟ್ಟಿಗೆ ಚರಂಡಿಗೆ ಬೀಳಬಹುದಿತ್ತು. ಬಂಟ್ವಾಳದ ಕಡವಿನಲ್ಲಿ ದೋಣಿ ಮುಳುಗಬಹುದಿತ್ತು, ಈಜು ಬಾರದೆ ದಡದಲ್ಲಿ ನಿಂತಿದ್ದ ನನ್ನನ್ನು ಜನ, "ನೀವು ಮಾತ್ರ ಯಾಕೆ ದೋಣಿ ಹತ್ತಲಿಲ್ಲ?" ಎಂದು ಕೇಳಬಹುದಿತ್ತು. ನೆರೆ ಪೇಟೆಗೆ ನುಗ್ಗಿ ಅಕ್ಕಸಾಲಿಗನ ಅಂಗಡಿಯನ್ನು ತಕ್ಕಡಿಯ ಸಮೇತ ಎತ್ತಿಕೊಂಡು ಹೋಗಬಹುದಿತ್ತು. ಇಬ್ಬರು ಮಾಸ್ಟ್ರುಗಳು ವಾರವಾರ ಹೊಳೆಯ ಮಣ್ಣನ್ನು ಚಿನ್ನದ ತಕ್ಕಡಿಯಲ್ಲಿ ತೂಗಿಸುತ್ತಾರೆ ಎಂಬ ಸುದ್ದಿ ಹಬ್ಬಿ, ನೇತ್ರಾವತಿಯಲ್ಲಿ ಬಂಗಾರ ಉಂಟು ಅಂತ ಜನ ಗುದ್ದಲಿ ಹಿಡಿದು ಇಳಿಯಬಹುದಿತ್ತು, ಹಿಂದಿನಿಂದ ಪೊಲೀಸರು ಬರಬಹುದಿತ್ತು. ಶಾಲಾ ಇನ್ಸ್‌ಪೆಕ್ಟರರು ನನ್ನ ಚೀಲ ಬಿಚ್ಚಿಸಿ, ಮಣ್ಣಿನ ಪೊಟ್ಟಣಗಳನ್ನು ನೋಡಿ, ಇದು ಯಾವ ಪಾಠದ ಉಪಕರಣ ಎಂದು ಕೇಳಬಹುದಿತ್ತು. ಜಿರಲೆ ಕಾಗದ ತಿನ್ನಬಹುದಿತ್ತು. ನನ್ನ ಹೆಂಡತಿ ಪೊಟ್ಟಣವನ್ನು ಒಲೆಗೆ ಹಾಕಬಹುದಿತ್ತು. ನಾನು ಆರನ್ನು ಒಂಬತ್ತು ಅಂತ ಬರೆಯಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಆರು ತಿಂಗಳು ಇವೆಲ್ಲದಕ್ಕೂ ಹೆದರಿ ಹೆದರಿ ನಾನು ಅರ್ಧ ಇಳಿದುಹೋಗಿದ್ದೆ, ಅಷ್ಟೆ. ಆದದ್ದು ಬಹಳ ಸಣ್ಣದು. ಎಷ್ಟು ಸಣ್ಣದೆಂದರೆ ನನ್ನ ಹೆದರಿಕೆಯ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಐವತ್ತರ ಹತ್ತಿರ ಬಂದಿದ್ದೇನೆ, ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆಗ ನಾನು ಬಂಟ್ವಾಳ ಪೇಟೆಯ ಒಂದು ಶಾಲೆಯಲ್ಲಿ ಮಾಸ್ಟ್ರು. ರಾಜ್ಯ ಒಂದಾಗಿ ನಾಲ್ಕೈದು ವರ್ಷವಾಗಿತ್ತು. ಘಟ್ಟದ ಮೇಲಿನವರು ವರ್ಗವಾಗಿ ನಮ್ಮ ಕಡೆಗೆ ಬರುತ್ತಿದ್ದರು. ಹಾಗೆ ಬಂದ ಒಬ್ಬರು ಮೂಡಬಿದಿರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಬಯಲುಸೀಮೆಯವರು, ಒಂಟಿ ಮನುಷ್ಯ, ತುಳು ಒಂದಕ್ಷರ ಬಾರದು. ಅಧ್ಯಾಪಕರ ಒಂದು ಸಭೆಗೆ ಬಂಟ್ವಾಳಕ್ಕೆ ಬಂದವರು ಸಭೆ ಬಿಟ್ಟು ಹೊಳೆಯ ದಡದಲ್ಲಿ ನಿಂತಿದ್ದರು. ಆಷಾಢದ ಕೆಂಪು ನೀರು ದಡ ಮುಟ್ಟಿ ಹೋಗುತ್ತಿತ್ತು. ಅವರನ್ನು ಊಟಕ್ಕೆ ಕರೆದುಕೊಂಡು ಬರಲು ಹೋದವನು ನಾನು.

"ಮೇಷ್ಟ್ರೇ, ಈ ನೀರಲ್ಲಿ ಎಷ್ಟು ಮಣ್ಣು ಹೋಗ್ತಿದೆ ಅಂತ ಯಾರಾದ್ರೂ ತೂಕ ಮಾಡಿದಾರಾ?" ಎಂದು ಕೇಳಿದರು.

"ಹೋದ ಮಣ್ಣನ್ನು ಯಾಕೆ ತೂಗುವುದು ಸಾರ್? ಅದು ಹೋಯ್ತಲ್ಲ," ಎಂದೆ.

ಅವರು ನಗಲಿಲ್ಲ. "ನಮ್ಮೂರಲ್ಲಿ ಒಂದು ಬದುವಿನ ಮಣ್ಣಿಗೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗ್ತಾರೆ. ಇಲ್ಲಿ ಘಟ್ಟ ಘಟ್ಟಾನೇ ಸಮುದ್ರಕ್ಕೆ ಹೋಗ್ತಿದೆ, ನೀವು ಕೊಡೆ ಹಿಡ್ಕೊಂಡು ನೋಡ್ತಾ ನಿಂತಿದೀರಿ," ಎಂದರು.

ನನ್ನ ಕೈಯಲ್ಲಿ ಕೊಡೆ ಇದ್ದದ್ದು ಹೌದು. ಅದನ್ನು ಮಡಚಿಬಿಟ್ಟೆ, ಯಾಕೆಂದು ಗೊತ್ತಿಲ್ಲ. ಮಳೆಯಲ್ಲಿ ನೆನೆದೆ. ಅಲ್ಲಿಂದ ನಮ್ಮ ಸ್ನೇಹ ಸುರುವಾಯಿತು. ಮುಂದೆ ಇವರನ್ನು ಘಟ್ಟದ ಮೇಷ್ಟ್ರು ಎಂದೇ ಕರೆಯುತ್ತೇನೆ. ನಮ್ಮ ಮನೆಯಲ್ಲಿ ಅವರಿಗೆ ಅದೇ ಹೆಸರು.

ಅವರ ಕತೆ ಹೀಗಿತ್ತು. ದೊಡ್ಡ ಊರಿನ ಒಬ್ಬ ಪ್ರೊಫೆಸರರು ಅವರಿಗೆ ಒಂದು ಮಾತು ಕೊಟ್ಟಿದ್ದರು: ಒಂದು ಮಳೆಗಾಲದ, ನಂಬುವಂಥ ಅಂಕಿಗಳನ್ನು ತಂದರೆ ತನ್ನ ಪ್ರಯೋಗಶಾಲೆಗೆ ಸೇರಿಸಿಕೊಳ್ಳುತ್ತೇನೆ. ಆದರೆ ಅಲ್ಲಿ ವಯಸ್ಸಿನ ಮಿತಿ ಇತ್ತು. ಘಟ್ಟದ ಮೇಷ್ಟ್ರಿಗೆ ಉಳಿದದ್ದು ಮುಂದಿನ ಒಂದೇ ಮಳೆಗಾಲ. ಅದು ತಪ್ಪಿದರೆ ಜೀವಮಾನ ಪೂರ್ತಿ ಹೈಸ್ಕೂಲಿನ ಮಕ್ಕಳಿಗೆ ಆಮ್ಲಜನಕದ ಲಕ್ಷಣಗಳನ್ನು ಬಾಯಿಪಾಠ ಮಾಡಿಸುವುದೇ. ಸಾಧನಗಳೆಲ್ಲ ಇದ್ದದ್ದು ಆ ಪ್ರಯೋಗಶಾಲೆಯಲ್ಲಿ. ಅಲ್ಲಿಗೆ ಹೋಗಲು ಅಂಕಿ ಬೇಕು, ಅಂಕಿಗೆ ಸಾಧನ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಹಾಗೆ.

ಅವರ ಹತ್ತಿರ ವಿಜ್ಞಾನ ಸಾಮಗ್ರಿ ಮಾರುವವರ ಒಂದು ಕ್ಯಾಟಲಾಗು ಇತ್ತು, ರಟ್ಟು ಹೋದದ್ದು. ಬೇರೆಯವರು ದೇವರ ನಾಮ ಓದುವ ಹಾಗೆ ಅದನ್ನು ಓದುತ್ತಿದ್ದರು. ಹೋಟ್ಲಿನಲ್ಲಿ ಗೋಳಿಬಜೆ ತಣ್ಣಗಾಗುತ್ತಿದ್ದರೂ ಪುಟ ಮಗುಚುವುದು ನಿಲ್ಲುತ್ತಿರಲಿಲ್ಲ. "ಇದು ನೋಡಿ, ಆಳದ ನೀರು ತೆಗೆಯೋ ಬಾಟ್ಲು. ಬೇಕಾದ ಆಳಕ್ಕೆ ಇಳಿದ ಮೇಲೆ ತಾನೇ ಬಾಯಿ ತೆರೆಯುತ್ತೆ, ತಾನೇ ಮುಚ್ಚುತ್ತೆ. ಇದು ಒಣಗಿಸೋ ಪೆಟ್ಟಿಗೆ. ಬೇಕಾದ ಬಿಸಿಗೆ ಇಟ್ರೆ ಅಲ್ಲೇ ನಿಲ್ಲುತ್ತೆ. ಇದು..." ಎಂದು ಒಂದು ಪುಟದ ಹತ್ತಿರ ಬಂದಾಗ ಸ್ವರ ಇಳಿಯುತ್ತಿತ್ತು. ಗಾಜಿನ ಮನೆಯೊಳಗೆ ಕೂತ ತಕ್ಕಡಿಯ ಚಿತ್ರ. ಆ ಪುಟದ ಮೂಲೆ ಬೆರಳಿನ ಎಣ್ಣೆಗೆ ಕಪ್ಪಾಗಿತ್ತು.

ಬಾಟ್ಲಿಯ ಸಮಸ್ಯೆಯನ್ನು ನಾವು ಬಗೆಹರಿಸಿದೆವು. ಶರಬತ್ತಿನ ಬಾಟ್ಲಿಯ ಕುತ್ತಿಗೆಗೆ ಹಗ್ಗ, ಬುಡಕ್ಕೆ ಕಲ್ಲು, ಬಿರಡೆಗೆ ಬೇರೊಂದು ಹುರಿ. ದೋಣಿಯಿಂದ ಇಳಿಸಿ, ಬೇಕಾದ ಆಳದಲ್ಲಿ ಹುರಿ ಎಳೆದರೆ ಬಿರಡೆ ಬಿಡುತ್ತದೆ. ಒಣಗಿಸುವ ಪೆಟ್ಟಿಗೆ ನಮ್ಮ ಅಡುಗೆಮನೆಯಲ್ಲಿ ಆಯಿತು: ಕೆಂಡದ ಮೇಲೆ ಮರಳು ಹಾಕಿದ ಬಾಣಲೆ, ಮರಳಿನ ಮೇಲೆ ಮುಚ್ಚಳವಿರುವ ಹಿತ್ತಾಳೆ ಡಬ್ಬಿ, ಡಬ್ಬಿಯೊಳಗೆ ಸೋಸಿದ ಕಾಗದಗಳು.

"ಜನ ಹಪ್ಪಳ ಒಣಗಿಸ್ತಾರೆ, ಹಲಸಿನ ಬೀಜ ಒಣಗಿಸ್ತಾರೆ," ಎಂದಳು ಹೆಂಡತಿ. "ನಮ್ಮ ಮನೆಯಲ್ಲಿ ಕೆಸರು ಒಣಗಿಸ್ತಾರೆ. ಒಗ್ಗರಣೆಯೂ ಹಾಕಬೇಕಾ?"

ಉಳಿದದ್ದು ತಕ್ಕಡಿ. ಮೂಡಬಿದಿರೆಯ ಅವರ ಹೈಸ್ಕೂಲಿನಲ್ಲಿ ಒಂದು ಇತ್ತು, ಗಾಜಿನ ಮನೆಯ ಸಮೇತ. ಆದರೆ ದಂಡಿಗೆ ನಡುವಿನ ಆಸರೆಯಾದ ಕಲ್ಲಿನ ಅಲಗು ಎಂದೋ ಮುರಿದಿತ್ತು. ಗಾಜಿನ ಮನೆಯೊಳಗೆ ಸೀಮೆಸುಣ್ಣದ ಪೆಟ್ಟಿಗೆ ಇಡುತ್ತಿದ್ದರು. ಅದರ ತೂಕದ ಪೆಟ್ಟಿಗೆ ಮಾತ್ರ ಸರಿಯಾಗಿತ್ತು: ಮಿಲಿಗ್ರಾಮಿನ ತೂಕಗಳು, ಮೂಲೆ ಮಡಚಿದ ತಗಡಿನ ಚೂರುಗಳು, ಹಿಡಿಯಲು ಒಂದು ಸಣ್ಣ ಚಿಮಟ. ತೂಕ ಇದ್ದು ತಕ್ಕಡಿ ಇಲ್ಲದವರು ಇಡೀ ತಾಲೂಕಿನಲ್ಲಿ ನಾವಿಬ್ಬರೇ ಇರಬೇಕು.

ಅಕ್ಕಸಾಲಿಗರ ತಕ್ಕಡಿ ನೆನಪಾದದ್ದು ನನಗೆ. ಆ ಕೀರ್ತಿಯನ್ನು ಬಿಟ್ಟುಕೊಡಲು ಆಗ ನಾನು ತಯಾರಿರಲಿಲ್ಲ. ಬಂಟ್ವಾಳದ ಪೇಟೆಬೀದಿಯಲ್ಲಿ ನಮ್ಮ ಮನೆಗೆ ನಾಲ್ಕು ಅಂಗಡಿ ಆಚೆಗೆ ಒಬ್ಬ ಆಚಾರ್ರು ಇದ್ದರು. ಮುದುಕರು, ಮಾತು ಕಡಿಮೆ. ಅವರ ತಕ್ಕಡಿ ಅರ್ಧ ಗುಲಗಂಜಿಗೂ ತಲೆ ಬಾಗಿಸುತ್ತದೆ ಎಂದು ಊರಿನ ಹೆಂಗಸರು ಹೇಳುತ್ತಿದ್ದರು. ಒಂದು ಶನಿವಾರ ನಾವಿಬ್ಬರೂ ಹೋದೆವು. ಘಟ್ಟದ ಮೇಷ್ಟ್ರು ಹೊಳೆಯ ಮಣ್ಣಿನ ಪೊಟ್ಟಣ ಬಿಚ್ಚಿ ತೋರಿಸಿದರು. ಆಚಾರ್ರು ಕನ್ನಡಕದ ಮೇಲಿನಿಂದ ನೋಡಿ, ತಕ್ಕಡಿಯ ತಟ್ಟೆಯ ಮೇಲೆ ಬೆರಳಿಟ್ಟು, ನನ್ನ ಕಡೆ ತಿರುಗಿ ತುಳುವಿನಲ್ಲಿ ಹೇಳಿದರು:

"ಮಾಸ್ಟ್ರೇ, ಈ ಪರಡಿಯಲ್ಲಿ ಊರಿನ ಎಷ್ಟು ಹೆಣ್ಣುಮಕ್ಕಳ ಕರಿಮಣಿಯ ಚಿನ್ನ ತೂಗಿದ್ದೇನೆ ಗೊತ್ತುಂಟಾ? ಇದಕ್ಕೆ ಮಣ್ಣು ಹಾಕ್ಲಿಕ್ಕೆ ಹೇಳ್ತೀರಲ್ಲ, ನಿಮ್ಮ ತಲೆ ಸರಿ ಉಂಟಾ? ಈ ಜನ ಎಲ್ಲಿಯವರು, ಇವರಿಗೆ ಮನೆ ಮಠ ಇಲ್ಲವಾ?"

"ಏನಂತಾರೆ?" ಎಂದು ಕೇಳಿದರು ಘಟ್ಟದ ಮೇಷ್ಟ್ರು.

"ಯೋಚನೆ ಮಾಡ್ತೇನೆ ಅಂತ ಹೇಳ್ತಾರೆ ಸಾರ್," ಎಂದೆ.

ಸೋಮವಾರ ನಾನೊಬ್ಬನೇ ಹೋಗಿ ಕಾಲು ಹಿಡಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ. ಬಡಪಾಯಿ, ಪರವೂರಿನವರು, ಅವರ ಜೀವನದ ಪ್ರಶ್ನೆ ಎಂದೆ. ಆಚಾರ್ರು ಒಂದು ಕೆಂಡವನ್ನು ಊದುಕೊಳವೆಯಿಂದ ಊದಿ ಕೆಂಪಗೆ ಮಾಡಿದರು. ಆಮೇಲೆ ಹೇಳಿದರು: "ಮಂಗಳವಾರ, ಶುಕ್ರವಾರ ಆಗ್ಲಿಕ್ಕಿಲ್ಲ. ನೀವು ಸ್ನಾನ ಮಾಡಿ ತರಬೇಕು. ಉಳಿದದ್ದನ್ನು ನಾನು ನೋಡಿಕೊಳ್ತೇನೆ."

ಉಳಿದದ್ದು ಅಂದರೆ ಏನು ಎಂದು ನಾನು ಕೇಳಲಿಲ್ಲ. ಬಸ್ಸು ಮಗುಚುವುದನ್ನು ಯೋಚಿಸುತ್ತಿದ್ದೆನೋ ಏನೋ.

ಮರುವರ್ಷದ ಜೂನ್‌ನಲ್ಲಿ ಕೆಲಸ ಸುರುವಾಯಿತು. ಶನಿವಾರ ಮಧ್ಯಾಹ್ನ ಘಟ್ಟದ ಮೇಷ್ಟ್ರು ಮೂಡಬಿದಿರೆಯಿಂದ ಬೆಳ್ತಂಗಡಿಗೆ ಹೋಗಿ ಅಲ್ಲಿನ ಹೊಳೆಯಿಂದ ಒಂದು ಬಾಟ್ಲಿ ತುಂಬಿಸಿ, ಬಸ್ಸಿನಲ್ಲಿ ಮಗುವಿನ ಹಾಗೆ ಹಿಡಿದುಕೊಂಡು ಬಂಟ್ವಾಳಕ್ಕೆ ಬರುತ್ತಿದ್ದರು. ಇಲ್ಲಿ ದೋಣಿ ಹತ್ತಿ ಇನ್ನೊಂದು. ಆದಿತ್ಯವಾರ ನಮ್ಮ ಮನೆಯ ಚಾವಡಿಯಲ್ಲಿ ಕೂತು, ಖಾಲಿಯಾಗಿ ತೂಗಿ ನಂಬರು ಹಾಕಿಟ್ಟ ಸೋಸುವ ಕಾಗದದಲ್ಲಿ ಎರಡನ್ನೂ ಸೋಸಿ, ಕಾಗದಗಳನ್ನು ನನಗೆ ಒಪ್ಪಿಸಿ ಮೂಡಬಿದಿರೆಯ ಬಸ್ಸು ಹಿಡಿಯುತ್ತಿದ್ದರು. ನಾನು ಎರಡು ದಿನ ಕೆಂಡದ ಮೇಲೆ ಒಣಗಿಸಿ, ಬುಧವಾರ ಸ್ನಾನ ಮಾಡಿ ಆಚಾರ್ರಲ್ಲಿಗೆ ಒಯ್ಯುವುದು. ಮುಂದಿನ ವಾರದ ಖಾಲಿ ಕಾಗದಗಳನ್ನೂ ಆಗಲೇ ತೂಗಿಸಿಕೊಳ್ಳುವುದು. ಮಣ್ಣಿನ ಕಾಗದದ ತೂಕದಿಂದ ಖಾಲಿ ಕಾಗದದ ತೂಕ ಕಳೆದರೆ ಬರುವುದು ಹೊಳೆಯ ಮಣ್ಣು. ಇಷ್ಟು ವಿಜ್ಞಾನ ನನಗೂ ಅರ್ಥವಾಗುತ್ತಿತ್ತು.

ಇನ್ನು ನನ್ನ ಜಗಲಿಯ ವಿಷಯ ಹೇಳಬೇಕು.

ಅಕ್ಕಸಾಲಿಗರ ಅಂಗಡಿಯ ಕಸ ಬೇರೆ ಕಸದ ಹಾಗಲ್ಲ. ಅರದ ಪುಡಿ, ಉಜ್ಜಿದ ಪುಡಿ ನೆಲದಲ್ಲಿ ಬಿದ್ದಿರುತ್ತದೆ. ಆ ಕಸವನ್ನು ಕೊಂಡುಹೋಗಿ ತೊಳೆದು ಚಿನ್ನ ತೆಗೆಯುವವರೇ ಇದ್ದಾರೆ. ಒಳಗೆ ಹೋದವರು ಹೊರಗೆ ಬರುವಾಗ ಹೊಸ್ತಿಲಲ್ಲಿ ಕಾಲು ಒರೆಸಿ, ಮುಂಡು ಕೊಡವಿ ಬರುವುದು ಮರ್ಯಾದೆ. ಮೊದಲ ಬುಧವಾರ ನಾನು ಒಳಗೆ ಹೋಗುವವನಿದ್ದೆ. ಹೊಸ್ತಿಲಲ್ಲಿ ಕಾಲು ನಿಂತಿತು. ನನ್ನ ಹಿಮ್ಮಡಿಯಲ್ಲಿ ಆಳವಾದ ಬಿರುಕುಗಳು ಉಂಟು. ಅದರೊಳಗೆ ಒಂದು ಕಣ ಚಿನ್ನ ಹೊಕ್ಕು, ನಾನು ಎಷ್ಟು ಒರೆಸಿದರೂ ಬಾರದೆ, ಆ ದಿನವೇ ಆಚಾರ್ರ ಲೆಕ್ಕದಲ್ಲಿ ಅಷ್ಟೇ ಚಿನ್ನ ಕಡಿಮೆ ಬಂದರೆ? ಮಾಸ್ಟ್ರು ಕಳ್ಳ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಕ್ಕಿಲ್ಲ. ಆದರೆ ಯೋಚನೆ ಮಾಡಬಹುದಲ್ಲ? ನಾನು ಜಗಲಿಯಲ್ಲಿ ಕೂತೆ. ಪೊಟ್ಟಣವನ್ನೂ ತೂಕದ ಪೆಟ್ಟಿಗೆಯನ್ನೂ ಒಳಗೆ ದೂಡಿದೆ.

"ಒಳಗೆ ಬನ್ನಿ ಮಾಸ್ಟ್ರೇ, ಮುಳ್ಳು ನೀವೇ ನೋಡಿ," ಎಂದು ಆಚಾರ್ರು ಕರೆದರು.

"ಬೇಡ ಬೇಡ, ನಿಮ್ಮ ಮೇಲೆ ನಂಬಿಕೆ ಉಂಟು," ಎಂದೆ. ಹೆದರಿಕೆಗೆ ನಂಬಿಕೆಯ ಅಂಗಿ ತೊಡಿಸುವುದರಲ್ಲಿ ನಾನು ಪಳಗಿದವನು.

ಅವರು ಒಳಗಿನಿಂದ ತೂಕ ಕೂಗುತ್ತಿದ್ದರು, ನಾನು ಜಗಲಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಆ ಶನಿವಾರ ಘಟ್ಟದ ಮೇಷ್ಟ್ರು ಕೇಳಿದರು: "ತೂಗುವಾಗ ನೀವು ಪಕ್ಕದಲ್ಲೇ ಇರ್ತೀರಿ ತಾನೆ? ಮುಳ್ಳು ನೀವೇ ನೋಡ್ತೀರಿ?"

"ಕಣ್ಣಾರೆ ನೋಡಿ ಬರೆದದ್ದು ಸಾರ್," ಎಂದೆ.

ಯಾಕೆ ಹಾಗೆಂದೆ? ಸುಳ್ಳು ಹೇಳಬೇಕೆಂದು ಅಲ್ಲ. ಹಿಮ್ಮಡಿಯ ಬಿರುಕಿನ ಕತೆಯನ್ನು ಒಬ್ಬ ವಿಜ್ಞಾನಿಗೆ ವಿವರಿಸುವುದು ಹೇಗೆ? ಮುಂದಿನ ವಾರದಿಂದ ಒಳಗೆ ಕೂತರಾಯಿತು ಎಂದುಕೊಂಡೆ. ಮುಂದಿನ ವಾರ ಮತ್ತೆ ಜಗಲಿಯಲ್ಲಿ ಕೂತೆ. ಮೂರು ವಾರ ಕೂತ ಮೇಲೆ ಜಗಲಿ ನನ್ನ ಜಾಗವೇ ಆಯಿತು. ಆಚಾರ್ರು ಒಂದು ಮಣೆ ಹಾಕಿ ಇಡತೊಡಗಿದರು.

ಮಳೆ ಜೋರಾದ ಹಾಗೆ ಅಂಕಿಗಳು ಏರಿದವು. ಘಟ್ಟದ ಮೇಷ್ಟ್ರು ಚೌಕುಳಿ ಕಾಗದದಲ್ಲಿ ಗೆರೆ ಎಳೆದು, ಬೆಟ್ಟದ ಹಾಗೆ ಎದ್ದ ಗೆರೆಯನ್ನು ತೋರಿಸಿದರು. ಆಟಿ ತಿಂಗಳು ಕಳೆಯಿತು, ಚೌತಿ ಕಳೆಯಿತು. ದೀಪಾವಳಿಯ ಹೊತ್ತಿಗೆ ನೀರು ತಿಳಿಯಾಗಿ, ಕಡವಿನಲ್ಲಿ ನಿಂತರೆ ಕಾಲ ಬೆರಳು ಕಾಣುತ್ತಿತ್ತು. ಗೆರೆಯೂ ಇಳಿಯಿತು. ಆದರೆ ನೆಲ ಮುಟ್ಟಲಿಲ್ಲ. ಸೋಸಿದ ಕಾಗದ ಬೆಳ್ಳಗೇ ಇದ್ದರೂ ಆಚಾರ್ರ ತಕ್ಕಡಿಯಲ್ಲಿ ಅದು ಖಾಲಿ ಕಾಗದಕ್ಕಿಂತ ಇಪ್ಪತ್ತೋ, ನಲವತ್ತೋ ಮಿಲಿಗ್ರಾಂ ಹೆಚ್ಚೇ ತೂಗುತ್ತಿತ್ತು. ಪ್ರತಿ ವಾರವೂ.

ಮೊದಲಿಗೆ ಅವರು ಹುಬ್ಬು ಗಂಟಿಕ್ಕಿದರು. ನಾಲ್ಕನೇ ವಾರ ನಮ್ಮ ಚಾವಡಿಯಲ್ಲಿ ಎದ್ದು ನಿಂತರು. "ಮೇಷ್ಟ್ರೇ, ನಮ್ಮ ಕಣ್ಣಿಗೆ ತಿಳಿ ನೀರು. ಆದ್ರೆ ನದಿ ಮಣ್ಣು ಹೊರೋದನ್ನ ನಿಲ್ಲಿಸೇ ಇಲ್ಲ! ಕಾಣದಷ್ಟು ನುಣ್ಣಗಿರೋ ಮಣ್ಣು. ಇದನ್ನ ಯಾರೂ ಲೆಕ್ಕಕ್ಕೆ ತಗೊಂಡಿಲ್ಲ." ಎರಡು ಸಲ ಚಾವಡಿಯ ಉದ್ದಕ್ಕೂ ನಡೆದರು. ಹೆಂಡತಿ ಒಳಗಿನಿಂದ ಇಣುಕಿ ನೋಡಿ, "ಅವರಿಗೆ ಮದುವೆ ನಿಶ್ಚಯ ಆಯ್ತಾ?" ಎಂದು ಪಿಸುಗುಟ್ಟಿದಳು. ಅಷ್ಟು ಸಂತೋಷ.

ಅವರು ಬರೆದ ಲೇಖನದ ಮುಖ್ಯ ಮಾತೇ ಅದಾಯಿತು. ಕಾಣದ ಮಣ್ಣು. ಶುದ್ಧಪ್ರತಿ ನಾನೇ ಬರೆದೆ, ನನ್ನ ಅಕ್ಷರ ದುಂಡಗೆ ಎಂದು. ಅದರಲ್ಲಿ ಒಂದು ವಾಕ್ಯ ಇತ್ತು: ಪ್ರತಿಯೊಂದು ತೂಕವನ್ನೂ ಜವಾಬ್ದಾರಿಯುತ ಅಧ್ಯಾಪಕರೊಬ್ಬರು ತಕ್ಕಡಿಯ ಪಕ್ಕದಲ್ಲಿದ್ದು, ಸ್ವತಃ ಕಂಡು ದಾಖಲಿಸಿದ್ದಾರೆ. ಮುಂದೆ ನನ್ನ ಹೆಸರು. ಆ ವಾಕ್ಯವನ್ನು ಬೇರೆ ವಾಕ್ಯಗಳಿಗಿಂತ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಲೇಖನ ಅಚ್ಚಾಗುತ್ತದೆ, ನನ್ನ ಹೆಸರು ದೂರದ ಊರಿನ ಲೈಬ್ರರಿಗಳಲ್ಲಿ ಇರುತ್ತದೆ ಎಂದು ಯೋಚಿಸಿ, ಆಮೇಲೆ ಆ ಲೈಬ್ರರಿಗಳಿಗೆ ಬೆಂಕಿ ಬಿದ್ದರೆ ಎಂದು ಹೆದರಿದೆ.

ಪ್ರೊಫೆಸರರ ಉತ್ತರ ಬೇಗ ಬಂತು. ಘಟ್ಟದ ಮೇಷ್ಟ್ರು ಅದನ್ನು ಓದಿ ಹೇಳಿದರು. ಅಂಕಿಗಳು ಬಹಳ ಚೆನ್ನಾಗಿವೆ, ತಿಳಿನೀರಿನ ಮಣ್ಣಿನ ವಿಚಾರ ಹೊಸದು. ಒಂದೇ ಒಂದು ಕೆಲಸ ಬಾಕಿ: ಮಣ್ಣೇ ಇಲ್ಲದ ಶುದ್ಧ ನೀರನ್ನು ಅದೇ ರೀತಿ ಸೋಸಿ, ಒಣಗಿಸಿ, ತೂಗಿ. ಸೊನ್ನೆ ಬಂದರೆ ಈ ತಿಂಗಳೊಳಗೆ ತಿಳಿಸಿ, ಜಾಗ ನಿಮ್ಮದು.

"ಇದು ಬರೀ ಶಾಸ್ತ್ರಕ್ಕೆ," ಎಂದರು ಘಟ್ಟದ ಮೇಷ್ಟ್ರು. ಬಿ.ಸಿ. ರೋಡಿನ ಮೋಟಾರು ಗರಾಜಿನಿಂದ ಬ್ಯಾಟರಿಗೆ ಹಾಕುವ ನೀರು ತಂದು ಸೋಸಿ, ಕಾಗದವನ್ನು ನನ್ನ ಕೈಗೆ ಕೊಟ್ಟು, ನಗುತ್ತಾ ಬಸ್ಸು ಹತ್ತಿದರು.

ಬುಧವಾರ ನಾನು ಮಣೆಯ ಮೇಲೆ ಕೂತು ಪೆನ್ಸಿಲ್ ಹಿಡಿದೆ. ಖಾಲಿ ಕಾಗದದ ತೂಕವನ್ನು ಮೊದಲೇ ಬರೆದಿಟ್ಟಿದ್ದೆ. ಅದೇ ತೂಕ ಮತ್ತೊಮ್ಮೆ ಬರಬೇಕು. ಆಚಾರ್ರು ಒಳಗಿನಿಂದ ಕೂಗಿದರು. ಇಪ್ಪತ್ತು ಹೆಚ್ಚು.

"ಇನ್ನೊಮ್ಮೆ ನೋಡಿ ಆಚಾರ್ರೇ."

"ನೋಡಿದ್ದನ್ನೇ ಹೇಳಿದ್ದು."

"ಅದರಲ್ಲಿ ಏನೂ ಇಲ್ಲ! ಬರೀ ನೀರು ಸೋಸಿದ್ದು!"

"ನನ್ನ ತಕ್ಕಡಿ ಸುಳ್ಳು ಹೇಳುವುದಿಲ್ಲ ಮಾಸ್ಟ್ರೇ. ಬೇಕಾದರೆ ನೀವೇ ಬಂದು ನೋಡಿ."

ಎದ್ದೆ. ಹಿಮ್ಮಡಿಯ ನೆನಪಾಗಲಿಲ್ಲ. ಹೊಸ್ತಿಲು ದಾಟಿ, ಆರು ತಿಂಗಳಲ್ಲಿ ಮೊದಲ ಸಲ ತಕ್ಕಡಿಯ ಎದುರು ಬಗ್ಗಿದೆ. ಮುಳ್ಳು ನೆಟ್ಟಗೆ ನಿಂತಿತ್ತು. ಒಂದು ಪರಡಿಯಲ್ಲಿ ತಗಡಿನ ತೂಕಗಳು. ಇನ್ನೊಂದರಲ್ಲಿ ಮಡಚಿದ ಬಿಳಿ ಕಾಗದ. ಕಾಗದದ ಪಕ್ಕದಲ್ಲಿ, ಅರಸಿನ ಹಚ್ಚಿದ ಒಂದು ಬೆಳ್ತಿಗೆ ಅಕ್ಕಿಯ ಕಾಳು.

"ಇದು ಏನು?"

"ಅಕ್ಷತೆ."

"ಅಕ್ಷತೆ ಯಾಕೆ?"

ಆಚಾರ್ರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾಕೆ ಅಂದ್ರೆ? ಲಕ್ಷ್ಮಿ ಕೂತ್ಕೊಳ್ಳುವ ಪರಡಿಯಲ್ಲಿ ಮಣ್ಣೊಂದನ್ನೇ ಕೂರಿಸ್ಲಿಕ್ಕೆ ಆಗ್ತದಾ? ಅಕ್ಷತೆ ಹಾಕಿ, ತಪ್ಪಾಯ್ತು ಅಂತ ಕೈ ಮುಗಿದು ತೂಗುವುದು. ಉಳಿದದ್ದನ್ನು ನಾನು ನೋಡಿಕೊಳ್ತೇನೆ ಅಂತ ಹೇಳಿದ್ದೆನಲ್ಲ."

"ಖಾಲಿ ಕಾಗದಕ್ಕೆ?"

"ಖಾಲಿ ಕಾಗದಕ್ಕೆ ಯಾಕೆ ಅಕ್ಷತೆ? ಕಾಗದ ಸರಸ್ವತಿ. ಮಣ್ಣಿಗೆ ಮಾತ್ರ."

"ಇವತ್ತು ಮಣ್ಣಿರಲಿಲ್ಲವಲ್ಲ ಆಚಾರ್ರೇ..."

"ನೀವು ಮಣ್ಣಿನ ಪೊಟ್ಟಣದಲ್ಲೇ ತಂದದ್ದು. ನನಗೇನು ಗೊತ್ತು?"

ನಾನು ನೆಲದಲ್ಲೇ ಕೂತುಬಿಟ್ಟೆ, ಚಿನ್ನದ ಪುಡಿಯ ಮೇಲೆ. "ಅರ್ಧ ಗುಲಗಂಜಿ ತಿಳಿಯುವ ನಿಮಗೆ ಅಕ್ಕಿಗೆ ತೂಕ ಉಂಟು ಅಂತ ಗೊತ್ತಿಲ್ಲವಾ?"

"ಗೊತ್ತಿಲ್ಲದೆ ಏನು? ಚಿನ್ನಕ್ಕೆ ಹಾಗೆ ಮಾಡಿದರೆ ನನ್ನ ಕೈ ಕಡಿಯಬೇಕು. ಇದು ಮಣ್ಣು. ಮಣ್ಣು ಒಂದು ಕಾಳು ಹೆಚ್ಚು ತೂಗಿದರೆ ಯಾರ ಮನೆ ಹಾಳಾಗ್ತದೆ ಮಾಸ್ಟ್ರೇ? ತೂಕ ಹೆಚ್ಚು ಬಂದಾಗೆಲ್ಲ ನೀವೇ ಜಗಲಿಯಲ್ಲಿ ಕೂತು ಖುಷಿಪಡ್ತಿದ್ದಿರಿ."

ಮನೆಗೆ ಬಂದು ನಾನು ಮಾಡಿದ ಕೆಲಸವನ್ನು ಬರೆಯದೆ ಬಿಡಬಹುದು, ಯಾರೂ ಕೇಳುವವರಿಲ್ಲ. ತೂಕ ಬರೆಯುವ ಪುಸ್ತಕದಲ್ಲಿ, ಶುದ್ಧ ನೀರು ಎಂಬಲ್ಲಿ, ಸೊನ್ನೆ ಎಂದು ಬರೆದೆ. ನನ್ನ ದುಂಡು ಅಕ್ಷರಕ್ಕೆ ಸೊನ್ನೆಗಿಂತ ಒಪ್ಪುವ ಗುರುತು ಇಲ್ಲ. ನಿಜವಾಗಿ ಕಾಗದದಲ್ಲಿ ಇದ್ದದ್ದು ಸೊನ್ನೆಯೇ ಅಲ್ಲವೇ, ಅಕ್ಕಿಯನ್ನು ನಾನು ತೆಗೆದುಹಾಕಿ ಹೇಳುತ್ತಿದ್ದೇನೆ ಅಷ್ಟೆ, ಎಂದು ಸಮಾಧಾನ ಮಾಡಿಕೊಂಡೆ. ಶನಿವಾರ ಘಟ್ಟದ ಮೇಷ್ಟ್ರು ಬಂದು, ಅದನ್ನು ನೋಡಿ, ನನ್ನ ಎರಡೂ ಕೈ ಹಿಡಿದುಕೊಂಡರು. ಅಲ್ಲೇ ಕೂತು ಪ್ರೊಫೆಸರರಿಗೆ ಪತ್ರ ಬರೆದು, ಲಕೋಟೆ ಅಂಟಿಸಿ, "ನಡೀರಿ, ನೀವೇ ಹಾಕಿ. ನಿಮ್ಮ ಕೈಯಿಂದ ಹೋಗ್ಲಿ," ಎಂದರು.

ಅಂಚೆಪೆಟ್ಟಿಗೆಯ ಬಾಯಿಗೆ ಲಕೋಟೆಯನ್ನು ಅರ್ಧ ತೂರಿಸಿದೆ. ಬೆರಳು ಬಿಡಲಿಲ್ಲ. ನನಗೆ ಒಳ್ಳೆಯ ಬುದ್ಧಿ ಬಂತೆಂದು ತಿಳಿಯಬೇಡಿ. ದೊಡ್ಡ ಪ್ರಯೋಗಶಾಲೆಯಲ್ಲಿ, ಗಾಜಿನ ಮನೆಯ ತಕ್ಕಡಿಯಲ್ಲಿ ಇವರು ಹತ್ತು ಜನರೆದುರು ತಿಳಿನೀರು ತೂಗಿ, ಏನೂ ಸಿಗದೆ ನಿಂತ ಚಿತ್ರ ಕಣ್ಣಿಗೆ ಬಂತು. ಹೆದರಿದೆ. ಹೆದರಿಕೆ ನನ್ನಿಂದ ಮಾಡಿಸಿದ ಒಂದೇ ಒಂದು ನೆಟ್ಟಗಿನ ಕೆಲಸ ಅದು, ಅದನ್ನೂ ಪೂರ್ತಿ ಮಾಡಲಿಲ್ಲ.

"ಸಾರ್, ಆಚಾರ್ರು ಒಂದು ತಪ್ಪು ಮಾಡಿದ್ದಾರೆ," ಎಂದೆ.

ನೋಡಿ, ಆಚಾರ್ರು. ಅಕ್ಕಿಯ ಕತೆ ಹೇಳಿದೆ. ಸೊನ್ನೆ ಸೊನ್ನೆಯಲ್ಲ ಎಂದೆ. ಜಗಲಿಯ ಕತೆ ಹೇಳಲಿಲ್ಲ. ಘಟ್ಟದ ಮೇಷ್ಟ್ರು ಅಂಚೆಪೆಟ್ಟಿಗೆಗೆ ಒರಗಿ ಕೇಳಿದರು. ತಿಳಿನೀರಿನ ಮಣ್ಣು ಹೋಯಿತೆಂದು ಅವರಿಗೆ ಆಗಲೇ ಗೊತ್ತಾಗಿರಬೇಕು. ಆದರೆ ಒಂದು ನಿಮಿಷದಲ್ಲಿ ತಲೆ ಎತ್ತಿದರು.

"ಕಳೀಬಹುದು," ಎಂದರು. "ಮೇಷ್ಟ್ರೇ, ಕಳೀಬಹುದು! ಪ್ರತಿ ಸಲ ಒಂದೇ ಕಾಳು ಅಂದ್ರೆ, ಅವರ ಅಕ್ಷತೆ ಅಕ್ಕೀಲಿ ಹತ್ತು ಕಾಳು ತೂಗಿ ಸರಾಸರಿ ತೆಗೆದು, ಎಲ್ಲಾದ್ರಿಂದ ಕಳೆದ್ರಾಯ್ತು. ಮಳೆಗಾಲದ ಅಂಕಿ ಉಳಿಯುತ್ತೆ. ಅಷ್ಟು ಸಾಕು. ನಡೀರಿ."

ಬೀದಿಯಲ್ಲಿ ಅವರು ಓಡುವ ಹಾಗೆ ನಡೆದರು. ಹಿಂದಿನಿಂದ ನಾನು. ಪುಸ್ತಕ ಅವರ ಕಂಕುಳಲ್ಲಿತ್ತು. ಆಚಾರ್ರು ಅಂಗಡಿಯಲ್ಲೇ ಇದ್ದರು. ಘಟ್ಟದ ಮೇಷ್ಟ್ರು ಕಾಲು ಒರೆಸಿ ಸೀದಾ ಒಳಗೆ ಹೋಗಿ ತಕ್ಕಡಿಯ ಪಕ್ಕದಲ್ಲಿ ಕೂತರು. ಎಷ್ಟು ಸುಲಭವಾಗಿ ಹೋದರು!

"ಕೇಳಿ," ಎಂದರು ನನಗೆ. "ಯಾವಾಗ್ಲೂ ಒಂದೇ ಕಾಳಾ?"

ಕೇಳಿದೆ. ಆಚಾರ್ರು ಬೆರಳುಗಳನ್ನು ಚಿಟಿಕೆಯ ಹಾಗೆ ಹಿಡಿದು ತೋರಿಸಿ ತುಳುವಿನಲ್ಲಿ ಹೇಳಿದರು: "ಒಂದು. ಕೆಲವು ಸಲ ಎರಡು. ಮಣ್ಣು ತುಂಬ ಇದ್ದಾಗ ಮೂರೂ ಹಾಕಿರಬಹುದು. ಅಕ್ಷತೆಯನ್ನು ಯಾರಾದರೂ ಎಣಿಸಿ ಹಾಕ್ತಾರಾ? ನನಗೆ ನೆನಪಿಲ್ಲ ಅಂತ ಹೇಳಿ ಅವರಿಗೆ. ಮಾಸ್ಟ್ರು ಒಳಗೆ ಬಂದು ಕೂತಿದ್ದರೆ ನೋಡಿರುತ್ತಿದ್ದರು, ಕರೆದರೂ ಬರಲಿಲ್ಲ, ಅದನ್ನೂ ಹೇಳಿ."

"ಒಂದು, ಎರಡು, ಕೆಲವು ಸಲ ಮೂರು," ಎಂದೆ ನಾನು ಕನ್ನಡದಲ್ಲಿ. "ನೆನಪಿಲ್ಲ ಅಂತ ಹೇಳ್ತಾರೆ."

"ಅವರಿಗೆ ನೆನಪಿಲ್ಲದಿದ್ರೆ ಪರವಾಗಿಲ್ಲ," ಎಂದು ಘಟ್ಟದ ಮೇಷ್ಟ್ರು ಪುಸ್ತಕ ತೆರೆದು ಮೊದಲ ಪುಟಕ್ಕೆ ಬಂದು, ಅಂಚಿನಲ್ಲಿ ಒಂದು ಹೊಸ ಗೆರೆ ಎಳೆದು, ಪೆನ್ಸಿಲ್ ಹಿಡಿದು ನನ್ನ ಮುಖ ನೋಡಿದರು. "ನೀವು ಪಕ್ಕದಲ್ಲೇ ಇದ್ರಲ್ಲ. ಅವಸರ ಇಲ್ಲ, ಜ್ಞಾಪಿಸಿಕೊಂಡು ಹೇಳಿ. ಜೂನ್, ಮೊದಲನೇ ವಾರ, ಬೆಳ್ತಂಗಡಿ ನೀರು. ಎಷ್ಟು ಕಾಳಿತ್ತು?"

ಆಚಾರ್ರು ನನ್ನನ್ನು ನೋಡುತ್ತಿದ್ದರು. ಅವರಿಗೆ ಕನ್ನಡ ಮಾತಾಡಲು ಕಷ್ಟ, ಅರ್ಥವಾಗದೆ ಏನಿಲ್ಲ.

"ನಾನು ಜಗಲಿಯಲ್ಲಿದ್ದೆ ಸಾರ್," ಎಂದೆ.

"ಆ ವಾರವಾ?"

"ಎಲ್ಲ ವಾರವೂ."

ಅವರು ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ, ಹಿಮ್ಮಡಿ ತೋರಿಸುತ್ತಿದ್ದೆ. ಅವರು ಎದ್ದು ಹೊರಗೆ ಬಂದು, "ಎಲ್ಲಿ ಕೂರ್ತಿದ್ರಿ?" ಎಂದು ಕೇಳಿದರು. ಮಣೆ ತೋರಿಸಿದೆ. ಅವರು ಅದರ ಮೇಲೆ ಕೂತರು, ನಾನು ಕೂರುತ್ತಿದ್ದ ಹಾಗೆಯೇ ಗೋಡೆಗೆ ಬೆನ್ನು ಕೊಟ್ಟು. ಬಾಗಿಲಿನ ಕಡೆ ಕತ್ತು ಚಾಚಿದರು, ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ.

"ಇಲ್ಲಿಂದ ಪರಡಿ ಕಾಣೋದಿಲ್ಲ," ಎಂದರು.

"ಇಲ್ಲ ಸಾರ್, ಕಾಣುವುದಿಲ್ಲ."

ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅದನ್ನೂ ಬರೆದುಕೊಂಡರು.